ಕೆಂಪು ಚುಕ್ಕೆ ಕಂಡ ಕೂಡಲೇ ಮನುಷ್ಯನನ್ನು ದೂರಬೇಡಿ

ನನ್ನ ಮೊದಲ ನೌಕರಿಯ ಮೂರನೇ ತಿಂಗಳಲ್ಲಿ ನಾನು ಬರೆದ ಒಂದು ಪುಟದ ವರದಿಯಿಂದ ಒಬ್ಬ ಹಿರಿಯ ಕಾರ್ಮಿಕರ ಕೆಲಸ ಹೋಯಿತು. ಆ ವರದಿಯಲ್ಲಿ ಒಂದೂ ಸುಳ್ಳು ಇರಲಿಲ್ಲ. ಅಳತೆಗಳು ನಿಜವಾದವು, ಲೆಕ್ಕ ಸರಿ, ಸೂತ್ರ ಪಠ್ಯಪುಸ್ತಕದ್ದೇ. ಆದರೂ ವರದಿ ತಪ್ಪಾಗಿತ್ತು. ಅದು ಹೇಗೆ ತಪ್ಪು ಎಂದು ತಿಳಿಯಲು ನನಗೆ ಮತ್ತೆ ನಾಲ್ಕು ತಿಂಗಳು ಬೇಕಾಯಿತು. ಡಿಗ್ರಿ ಮುಗಿಸಿ ಕ್ವಾಲಿಟಿ ವಿಭಾಗದ ಕೆಲಸ ಹುಡುಕುತ್ತಿರುವ ಗೆಳೆಯ ಗೆಳತಿಯರು ಇದೇ ತಪ್ಪು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನೂರು ಗಜೇಂದ್ರಗಡದ ಪಕ್ಕದ ಪುರ್ತಗೇರಿ. ಮನೆಯಲ್ಲಿ ಕೈಮಗ್ಗವಿದೆ, ಅಪ್ಪ ಸೀರೆ ನೇಯುತ್ತಾರೆ. ನಾನು ಸಂಖ್ಯಾಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದೆ. ಕೊನೆಯ ವರ್ಷದಲ್ಲಿ ‘ಸ್ಟ್ಯಾಟಿಸ್ಟಿಕಲ್ ಕ್ವಾಲಿಟಿ ಕಂಟ್ರೋಲ್’ ಎಂಬ ವಿಷಯವಿತ್ತು. ಪರೀಕ್ಷೆಯಲ್ಲಿ ಕಂಟ್ರೋಲ್ ಚಾರ್ಟ್ ಬರೆಯುವ ಹತ್ತು ಅಂಕದ ಲೆಕ್ಕ ಖಾತ್ರಿ ಎಂದು ಎಲ್ಲರಿಗೂ ಗೊತ್ತಿತ್ತು. ಸರಾಸರಿ ತೆಗೆ, ಮೇಲೊಂದು ಕೆಳಗೊಂದು ಗೆರೆ ಎಳೆ, ಗೆರೆ ದಾಟಿದ ಚುಕ್ಕೆ ಇದ್ದರೆ ‘ಪ್ರಕ್ರಿಯೆ ನಿಯಂತ್ರಣದಲ್ಲಿಲ್ಲ’ ಎಂದು ಬರೆ. ಹತ್ತಕ್ಕೆ ಹತ್ತು. ಆ ಹತ್ತು ಅಂಕದ ಧೈರ್ಯದಲ್ಲೇ ಹಣ್ಣಿನ ಪಾನೀಯ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಟ್ರೇನಿ ಆಗಿ ಸೇರಿದೆ.

ಅಲ್ಲಿ ದೊಡ್ಡದೊಂದು ಟ್ಯಾಂಕ್. ಒಂದು ಕಡೆಯಿಂದ ಸಕ್ಕರೆ ಪಾಕ ಮತ್ತು ನೀರು ಸದಾ ಬರುತ್ತಿರುತ್ತದೆ, ಒಳಗೆ ಕಲಕುತ್ತಿರುತ್ತದೆ, ಇನ್ನೊಂದು ಕಡೆಯಿಂದ ಬಾಟಲಿ ತುಂಬುವ ಯಂತ್ರಕ್ಕೆ ಹೋಗುತ್ತಿರುತ್ತದೆ. ಸಿಹಿ ಎಷ್ಟಿದೆ ಎಂಬುದನ್ನು ‘ಬ್ರಿಕ್ಸ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ನೂರು ಗ್ರಾಂ ದ್ರಾವಣದಲ್ಲಿ ಹನ್ನೆರಡು ಗ್ರಾಂ ಸಕ್ಕರೆ ಇದ್ದರೆ ಬ್ರಿಕ್ಸ್ 12. ಹತ್ತು ನಿಮಿಷಕ್ಕೊಮ್ಮೆ ಈ ಅಳತೆ ದಾಖಲಾಗುತ್ತಿತ್ತು. ಅದಕ್ಕೆ ಕಂಟ್ರೋಲ್ ಚಾರ್ಟ್ ಬರೆಯುವುದು ನನ್ನ ಕೆಲಸ.

ನಾನು ಚಾರ್ಟ್ ಬರೆದೆ. ಅದರ ತುಂಬ ಕೆಂಪು ಚುಕ್ಕೆಗಳು. ಆ ವಾರ ಹೆಚ್ಚಿನವು ರಾತ್ರಿ ಪಾಳಿಯಲ್ಲಿದ್ದವು, ಅದೂ ಗುಂಪು ಗುಂಪಾಗಿ. ರಾತ್ರಿ ಪಾಳಿಯಲ್ಲಿ ಟ್ಯಾಂಕ್ ನೋಡಿಕೊಳ್ಳುತ್ತಿದ್ದವರು ಗುತ್ತಿಗೆ ಮೇಲಿದ್ದ ಹಿರಿಯರೊಬ್ಬರು. ನಾವೆಲ್ಲ ‘ಕಾಕಾ’ ಎನ್ನುತ್ತಿದ್ದೆವು. ‘ರಾತ್ರಿ ಪಾಳಿಯಲ್ಲಿ ಪ್ರಕ್ರಿಯೆ ನಿಯಂತ್ರಣದಲ್ಲಿಲ್ಲ, ನಿರ್ವಹಣೆಯ ಲೋಪ ಕಾಣುತ್ತಿದೆ’ ಎಂದು ಬರೆದು ಸಹಿ ಹಾಕಿದೆ. ಮೇಲಿನವರು ಕಾಕಾನನ್ನು ಕರೆಸಿದಾಗ ನಾನೂ ಅಲ್ಲೇ ನಿಂತಿದ್ದೆ. ಅವರು ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದರು: “ತಮ್ಮಾ, ನಾ ಬರೂಕ ಮೊದಲ ಟಾಕಿನ್ಯಾಗ ಇದ್ದ ಸಕ್ರಿ ನಂದ್ ಹೆಂಗ ಆಕ್ಕೈತಿ?”

ನನ್ನ ಬಳಿ ಉತ್ತರ ಇರಲಿಲ್ಲ. ಚಾರ್ಟ್ ತೋರಿಸಿದೆ. ಮುಂದಿನ ವಾರದಿಂದ ಅವರು ಬರಲಿಲ್ಲ.

ಗೆರೆಗಳ ಹಿಂದಿನ ಷರತ್ತು

ಕಂಟ್ರೋಲ್ ಚಾರ್ಟ್‌ಗೆ ಈಗ ನೂರು ವರ್ಷ ದಾಟಿದೆ. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರ ಮೇ ತಿಂಗಳಲ್ಲಿ ತಮ್ಮ ಮೇಲಧಿಕಾರಿಗೆ ಬರೆದ ಚಿಕ್ಕ ಟಿಪ್ಪಣಿಯಲ್ಲಿ ಇದರ ಮೊದಲ ರೂಪವಿತ್ತು. ಯಾವ ಪ್ರಕ್ರಿಯೆಯಲ್ಲೂ ಸಣ್ಣಪುಟ್ಟ ಏರಿಳಿತ ಇದ್ದೇ ಇರುತ್ತದೆ. ಅದಕ್ಕೆಲ್ಲ ಕಾರಣ ಹುಡುಕುತ್ತ ಹೋಗಬಾರದು, ನಿಜವಾಗಿ ಏನೋ ಕೆಟ್ಟಾಗ ಸುಮ್ಮನಿರಲೂಬಾರದು. ಈ ಎರಡು ತಪ್ಪುಗಳ ನಡುವೆ ದಾರಿ ತೋರಿಸುವುದು ಚಾರ್ಟಿನ ಉದ್ದೇಶ. ಶೂಹಾರ್ಟ್ 1947–48ರಲ್ಲಿ ಭಾರತಕ್ಕೂ ಬಂದಿದ್ದರು. ಪಿ.ಸಿ. ಮಹಾಲನೋಬಿಸ್ ಕಟ್ಟಿದ ಭಾರತೀಯ ಸಾಂಖ್ಯಿಕ ಸಂಸ್ಥೆ ಈ ವಿದ್ಯೆಯನ್ನು ನಮ್ಮ ಕಾರ್ಖಾನೆಗಳಿಗೆ ತಲುಪಿಸಿತು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಅದರ ಕೇಂದ್ರದಲ್ಲಿ ಇಂದಿಗೂ ಗುಣಮಟ್ಟ ನಿಯಂತ್ರಣಕ್ಕೇ ಒಂದು ವಿಭಾಗವಿದೆ.

ಸರಾಸರಿಯಿಂದ ಮೂರು ಮಾನಕ ವಿಚಲನೆಯಷ್ಟು ದೂರದಲ್ಲಿ ಗೆರೆ ಎಳೆದರೆ, ಏನೂ ಕೆಡದಿದ್ದಾಗ ಚುಕ್ಕೆ ಗೆರೆ ದಾಟುವುದು ಸುಮಾರು 370 ಅಳತೆಗಳಿಗೊಮ್ಮೆ ಮಾತ್ರ. ಹೀಗಾಗಿ ಚುಕ್ಕೆ ದಾಟಿತೆಂದರೆ ಏನೋ ಆಗಿದೆ ಎಂದು ನಂಬಬಹುದು. ಆದರೆ ಈ ನಂಬಿಕೆಗೆ ಒಂದು ಷರತ್ತಿದೆ. ಪ್ರತಿ ಅಳತೆಯೂ ಸ್ವತಂತ್ರವಾಗಿರಬೇಕು. ಅಂದರೆ ಹಿಂದಿನ ಅಳತೆ ಎಷ್ಟಿತ್ತು ಎಂಬುದು ಮುಂದಿನದರ ಮೇಲೆ ಪ್ರಭಾವ ಬೀರಬಾರದು, ನಾಣ್ಯ ಚಿಮ್ಮಿದ ಹಾಗೆ. ಪುಸ್ತಕದಲ್ಲಿ ಈ ಷರತ್ತು ಅರ್ಧ ಸಾಲಿನಲ್ಲಿತ್ತು. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಇರಲಿಲ್ಲ. ನಾವೂ ಅದನ್ನು ಬಿಟ್ಟು ಮುಂದೆ ಓದಿದೆವು.

ಟ್ಯಾಂಕು ನಾಣ್ಯವಲ್ಲ. ಅದು ಜಲಾಶಯ. ಮಳೆಗಾಲದಲ್ಲಿ ನಮ್ಮ ರೋಣ, ನರಗುಂದದ ಕಡೆ ಮಲಪ್ರಭೆಯ ನವಿಲುತೀರ್ಥ ಜಲಾಶಯದ ಮಟ್ಟ ಎಷ್ಟಾಯಿತು ಎಂದು ದಿನವೂ ವಿಚಾರಿಸುವವರಿದ್ದಾರೆ. ನಿನ್ನೆ ತುಂಬಿದ್ದ ಜಲಾಶಯ ಇಂದು ಬರಿದಾಗುವುದಿಲ್ಲ. ನಿನ್ನೆಯ ಮಟ್ಟ ಗೊತ್ತಿದ್ದರೆ ಇಂದಿನದನ್ನು ಹೆಚ್ಚುಕಡಿಮೆ ಹೇಳಿಬಿಡಬಹುದು. ಅಳತೆಗೆ ತನ್ನ ಹಿಂದಿನ ಅಳತೆಯ ನೆನಪಿರುವ ಈ ಗುಣಕ್ಕೆ ಸಂಖ್ಯಾಶಾಸ್ತ್ರದಲ್ಲಿ ಆಟೊಕೋರಿಲೇಶನ್, ಕನ್ನಡದಲ್ಲಿ ಸ್ವಸಹಸಂಬಂಧ ಎನ್ನುತ್ತಾರೆ. ಟ್ಯಾಂಕು, ಕುಲುಮೆ, ಬಾಯ್ಲರ್, ಹಾಲಿನ ಡೇರಿ, ಸಕ್ಕರೆ ಕಾರ್ಖಾನೆಯ ರಸ, ಎಲ್ಲಿ ವಸ್ತು ನಿಧಾನವಾಗಿ ಬದಲಾಗುತ್ತದೋ ಮತ್ತು ನಾವು ಬೇಗ ಬೇಗ ಅಳೆಯುತ್ತೇವೋ, ಅಲ್ಲೆಲ್ಲ ಈ ನೆನಪು ಇರುತ್ತದೆ.

ಊರಿಗೆ ಬಂದಾಗ ಅಪ್ಪನಿಗೆ ಇದನ್ನು ವಿವರಿಸಲು ಹೋದೆ. ಅವರು ಲಾಳಿ ಕೈಯಲ್ಲಿ ಹಿಡಿದೇ, “ಹಿಂದಿನ ಎಳಿ ಬಿಗಿ ಬಿದ್ದಿದ್ರ ಮುಂದಿಂದೂ ಬಿಗೀನ ಬೀಳತೈತಿ. ಅದರಾಗ ಹೊಸಾದೇನೈತಿ?” ಎಂದರು. ನಿಜ, ಮಗ್ಗದ ಮುಂದೆ ಕುಳಿತವರಿಗೆ ಅದು ಹೊಸದಲ್ಲ. ಪುಸ್ತಕದ ಮುಂದೆ ಕುಳಿತಿದ್ದ ನನಗೆ ಹೊಸದಾಗಿತ್ತು.

ನಾಲ್ಕರಲ್ಲಿ ಒಂದು ಸುಳ್ಳು ಕೂಗು

ಲೆಕ್ಕ ಹೇಳುತ್ತೇನೆ, ಸುಲಭವಾಗಲಿ ಎಂದು ದುಂಡಗಿನ ಸಂಖ್ಯೆಯಲ್ಲಿ. ಟ್ಯಾಂಕ್ 6,000 ಲೀಟರ್, ಗಂಟೆಗೆ 6,000 ಲೀಟರ್ ಹರಿದು ಹೋಗುತ್ತದೆ ಎನ್ನಿ. ಚೆನ್ನಾಗಿ ಕಲಕುವ ಟ್ಯಾಂಕಿನಲ್ಲಿ ಈಗ ಇರುವುದರ ಶೇ 37ರಷ್ಟು ಒಂದು ಗಂಟೆಯ ನಂತರವೂ ಅಲ್ಲೇ ಇರುತ್ತದೆ. ಹತ್ತು ನಿಮಿಷದ ನಂತರವಾದರೆ ಶೇ 85ರಷ್ಟು. ಒಳಗೆ ಬರುವ ಪಾಕದ ಏರಿಳಿತಕ್ಕೆ ಯಾವ ನೆನಪೂ ಇಲ್ಲ ಎಂದುಕೊಂಡರೂ, ಹತ್ತು ನಿಮಿಷಕ್ಕೊಮ್ಮೆ ತೆಗೆದ ಅಕ್ಕಪಕ್ಕದ ಅಳತೆಗಳ ನಡುವಿನ ಸಹಸಂಬಂಧ 0.85ರ ಆಸುಪಾಸು ಬರುತ್ತದೆ.

ಒಂದೊಂದೇ ಅಳತೆ ಇರುವಾಗ ಗೆರೆ ಎಳೆಯುವ ಪಠ್ಯಪುಸ್ತಕದ ವಿಧಾನ ಹೀಗಿದೆ: ಅಕ್ಕಪಕ್ಕದ ಅಳತೆಗಳ ವ್ಯತ್ಯಾಸಗಳ ಸರಾಸರಿ ತೆಗೆದು, ಅದನ್ನು 2.66ರಿಂದ ಗುಣಿಸಿ, ಸರಾಸರಿಯ ಮೇಲೆ ಕೆಳಗೆ ಇಡಿ. ಸಮಸ್ಯೆ ಇರುವುದು ಇಲ್ಲಿಯೇ. ನೆನಪಿರುವ ಅಳತೆಗಳಲ್ಲಿ ಅಕ್ಕಪಕ್ಕದವು ಹತ್ತಿರ ಹತ್ತಿರವೇ ಇರುತ್ತವೆ. ವ್ಯತ್ಯಾಸ ಚಿಕ್ಕದು, ಆದ್ದರಿಂದ ಗೆರೆಗಳೂ ಇಕ್ಕಟ್ಟು. ಅಳತೆಗಳ ನಿಜವಾದ ಮಾನಕ ವಿಚಲನೆ 0.10 ಇದ್ದರೆ ಈ ವಿಧಾನ ಅದನ್ನು ಸುಮಾರು 0.04 ಎಂದು ತಿಳಿಯುತ್ತದೆ. ಗೆರೆಗಳು 11.70 ಮತ್ತು 12.30ರಲ್ಲಿ ಇರಬೇಕಾದ ಕಡೆ 11.88 ಮತ್ತು 12.12ರಲ್ಲಿ ಬೀಳುತ್ತವೆ. ಆಗ ಯಾವ ಲೋಪವೂ ಇಲ್ಲದ ಟ್ಯಾಂಕಿನಲ್ಲೂ ನೂರು ಚುಕ್ಕೆಗಳಲ್ಲಿ ಸುಮಾರು 24 ಗೆರೆ ದಾಟುತ್ತವೆ. 370ಕ್ಕೊಂದು ಎಂದು ನಾವು ನಂಬಿದ್ದ ಸುಳ್ಳು ಕೂಗು ನಾಲ್ಕಕ್ಕೊಂದು ಆಗಿಬಿಡುತ್ತದೆ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ನೆನಪಿಲ್ಲದ ಅಳತೆಗಳಲ್ಲಿ ಸುಳ್ಳು ಕೂಗುಗಳು ಅಲ್ಲೊಂದು ಇಲ್ಲೊಂದು ಚದುರಿ ಬರುತ್ತವೆ. ನೆನಪಿರುವಲ್ಲಿ ಅವು ಹಿಂಡಾಗಿ ಬರುತ್ತವೆ. ಸಿಹಿ ಒಮ್ಮೆ ಮೇಲೆ ಹೋದರೆ ಇಳಿಯಲು ಗಂಟೆಗಳು ಹಿಡಿಯುತ್ತವೆ. ಅಷ್ಟು ಹೊತ್ತೂ ಕೆಂಪು. ಆ ಹಿಂಡು ಯಾವುದೋ ಒಂದು ಪಾಳಿಯಲ್ಲಿ ಬಿದ್ದೇ ಬೀಳುತ್ತದೆ, ಆ ಪಾಳಿಗೆ ಒಬ್ಬ ಮನುಷ್ಯನ ಹೆಸರು ಇರುತ್ತದೆ. ನೋಡುವವರಿಗೆ ಅದು ಆ ಮನುಷ್ಯನ ತಪ್ಪಿನಂತೆಯೇ ಕಾಣುತ್ತದೆ. ಹಿಂದಿನ ಪಾಳಿಯ ಸಿಹಿ ಕಾಕಾ ಬರುವ ಮೊದಲೇ ಟ್ಯಾಂಕಿನಲ್ಲಿತ್ತು. ಅವರು ಕೇಳಿದ ಪ್ರಶ್ನೆ ಇದೇ. ನಾನು ಪುಸ್ತಕದಲ್ಲಿ ಬಿಟ್ಟು ಓದಿದ ಅರ್ಧ ಸಾಲನ್ನು ಅವರು ಒಂದು ಮಾತಿನಲ್ಲಿ ಹೇಳಿದ್ದರು.

ಇಡೀ ತಿಂಗಳ ಲೆಕ್ಕವನ್ನು ಮೂರು ಪಾಳಿಗೆ ಹಂಚಿ ನೋಡಿದ್ದು ನಾಲ್ಕು ತಿಂಗಳ ಮೇಲೆ. ಕೆಂಪು ಚುಕ್ಕೆಗಳು ಮೂರೂ ಪಾಳಿಯಲ್ಲಿ ಹೆಚ್ಚುಕಡಿಮೆ ಸಮನಾಗಿದ್ದವು. ನಾನು ವರದಿ ಬರೆದದ್ದು ಒಂದು ವಾರದ ಚಾರ್ಟ್ ನೋಡಿ.

ಹಾಗಾದರೆ ಏನು ಮಾಡಬೇಕು?

ಮೊದಲ ಕೆಲಸಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ. ಎಕ್ಸೆಲ್‌ನಲ್ಲಿ ಅಳತೆಗಳನ್ನು ಒಂದು ಕಾಲಮ್ಮಿನಲ್ಲಿ ಹಾಕಿ. ಪಕ್ಕದ ಕಾಲಮ್ಮಿನಲ್ಲಿ ಅವನ್ನೇ ಒಂದು ಸಾಲು ಕೆಳಗೆ ಸರಿಸಿ ಹಾಕಿ. ಎರಡರ ನಡುವಿನ ಸಹಸಂಬಂಧ ತೆಗೆಯಿರಿ. ನೂರು ಅಳತೆಗಳಿದ್ದು ಉತ್ತರ 0.2ಕ್ಕಿಂತ ಹೆಚ್ಚು ಬಂದರೆ ಸಾಮಾನ್ಯ ಚಾರ್ಟ್ ಎಳೆಯುವ ಮುನ್ನ ನಿಲ್ಲಿ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷವನ್ನು ನಾನು ಕೊಟ್ಟಿರಲಿಲ್ಲ.

ನೆನಪಿದೆ ಎಂದು ಗೊತ್ತಾದ ಮೇಲೆ ದಾರಿಗಳು ಹಲವು. ಅಳತೆಗಳ ನಡುವಿನ ಅಂತರ ಹೆಚ್ಚಿಸುವುದು ಒಂದು. ಮೂರು ಗಂಟೆಗೊಮ್ಮೆ ಅಳೆದರೆ ಮೇಲಿನ ಟ್ಯಾಂಕಿನಲ್ಲಿ ಸಹಸಂಬಂಧ 0.05ಕ್ಕೆ ಇಳಿಯುತ್ತದೆ. ಆದರೆ ಅಷ್ಟರಲ್ಲಿ 18,000 ಲೀಟರ್ ಬಾಟಲಿಗೆ ಹೋಗಿರುತ್ತದೆ. ನಿಜವಾಗಿ ಕೆಟ್ಟದ್ದು ತಡವಾಗಿ ತಿಳಿಯುತ್ತದೆ. ಇನ್ನೊಂದು ದಾರಿ, ಅಕ್ಕಪಕ್ಕದ ವ್ಯತ್ಯಾಸ ಬಿಟ್ಟು ಬಹಳ ದಿನಗಳ ಒಟ್ಟು ಅಳತೆಗಳಿಂದ ಮಾನಕ ವಿಚಲನೆ ತೆಗೆದು ಗೆರೆ ಅಗಲಿಸುವುದು.

ಮೂರನೆಯದನ್ನು 1988ರಲ್ಲಿ ಲೇತ್ ಅಲ್ವಾನ್ ಮತ್ತು ಹ್ಯಾರಿ ರಾಬರ್ಟ್ಸ್ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಅಳತೆಯನ್ನೇ ಚಾರ್ಟಿಗೆ ಹಾಕಬೇಡಿ. ಹಿಂದಿನ ಅಳತೆಯಿಂದ ನಿರೀಕ್ಷಿಸಬಹುದಾದದ್ದನ್ನು ಕಳೆದು, ಉಳಿದದ್ದನ್ನು ಹಾಕಿ. ಹಿಂದಿನ ಅಳತೆ 12.15 ಎನ್ನಿ. ಸರಾಸರಿಗಿಂತ 0.15 ಹೆಚ್ಚು. ಅದರ 0.85 ಪಾಲು ಉಳಿಯುತ್ತದೆ, ಹಾಗಾಗಿ ಮುಂದಿನದು 12.13ರ ಹತ್ತಿರ ಬರಬೇಕು. ಬಂದದ್ದು 12.13. ನನ್ನ ಹಳೆಯ ಚಾರ್ಟಿನಲ್ಲಿ ಎರಡೂ ಕೆಂಪು. ಹೊಸದರಲ್ಲಿ ಹೊಸ ಸುದ್ದಿ ಏನೂ ಇಲ್ಲ.

“ಹೀಗೆ ಮಾಡಿದರೆ ಎಲ್ಲರಿಗೂ ನೆಪ ಸಿಕ್ಕಂತಾಗುತ್ತದೆ, ಚಾರ್ಟ್ ಸಡಿಲ ಆಗುತ್ತದೆ” ಎಂದು ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ವಾದಿಸಿದರು. ಹಾಗಲ್ಲ. ಹಿಂದಿನ ಅಳತೆ 11.90, ಮುಂದಿನದು 12.10 ಎನ್ನಿ. ನನ್ನ ಹಳೆಯ ಎರಡು ಗೆರೆಗಳ ನಡುವೆ ಎರಡೂ ನೆಮ್ಮದಿಯಾಗಿ ಕೂರುತ್ತವೆ. ಆದರೆ ನಿರೀಕ್ಷೆ ಇದ್ದದ್ದು 11.915, ಬಂದದ್ದು ಅದಕ್ಕಿಂತ 0.185 ಹೆಚ್ಚು. ಹೊಸ ಚಾರ್ಟಿನ ಮಿತಿ 0.16. ಕೂಗು ಏಳುತ್ತದೆ. ನೆನಪಿರುವ ಟ್ಯಾಂಕು ಹತ್ತು ನಿಮಿಷದಲ್ಲಿ ಅಷ್ಟು ಜಿಗಿಯಬಾರದು. ಯಾವುದೋ ವಾಲ್ವ್ ಕೆಟ್ಟಿರಬಹುದು, ಅಳತೆಯ ಉಪಕರಣ ಕೆಟ್ಟಿರಬಹುದು. ಸುಮ್ಮನಿರಬೇಕಾದ ಕಡೆ ಸುಮ್ಮನಿದ್ದು, ಕೂಗಬೇಕಾದ ಕಡೆ ಕೂಗುವ ಚಾರ್ಟನ್ನು ಸಡಿಲ ಎನ್ನಲಾಗದು.

ಈ ವಿಧಾನಕ್ಕೂ ಒಂದು ದೌರ್ಬಲ್ಯವಿದೆ. ಸಿಹಿಯ ಮಟ್ಟ ಒಮ್ಮೆಲೇ ಏರಿ ಅಲ್ಲೇ ನಿಂತರೆ ಮೊದಲ ಚುಕ್ಕೆಯಲ್ಲಿ ಪೂರ್ತಿ ಏರಿಕೆ ಕಾಣುತ್ತದೆ. ಎರಡನೆಯದರಿಂದ ಅದರ ಶೇ 15 ಮಾತ್ರ. ಉಳಿದದ್ದನ್ನು ‘ನಿರೀಕ್ಷಿತ’ ಎಂದು ಲೆಕ್ಕವೇ ನುಂಗಿಬಿಡುತ್ತದೆ. ಮೊದಲ ಚುಕ್ಕೆಯಲ್ಲಿ ಹಿಡಿಯದಿದ್ದರೆ ಆಮೇಲೆ ಹಿಡಿಯುವುದು ಕಷ್ಟ. ಆದ್ದರಿಂದ ಅದರ ಜೊತೆಗೆ ಮೂಲ ಅಳತೆಯ ಚಾರ್ಟನ್ನೂ, ಅಗಲವಾದ ಗೆರೆಗಳೊಂದಿಗೆ, ಇಟ್ಟುಕೊಳ್ಳುವುದು ಒಳ್ಳೆಯದು. ಇನ್ನೂ ಒಂದು ಮಾತು: ನೆನಪಿದೆ ಎಂದ ಮಾತ್ರಕ್ಕೆ ಆ ಏರಿಳಿತ ಒಳ್ಳೆಯದು ಎಂದಲ್ಲ. ಒಳಬರುವ ಪಾಕದಲ್ಲೇ ಹೆಚ್ಚುಕಡಿಮೆ ಇದ್ದರೆ ಅದನ್ನು ಸರಿಪಡಿಸಬೇಕು. ಆದರೆ ಅದು ಎಂಜಿನಿಯರ್‌ಗಳು ಪ್ರಕ್ರಿಯೆಯಲ್ಲಿ ಸರಿಪಡಿಸಬೇಕಾದ ವಿಷಯ. ಪಾಳಿಯಲ್ಲಿ ನಿಂತವರ ಕೂಲಿಯಲ್ಲಿ ಸರಿಪಡಿಸುವುದಲ್ಲ.

ನಮ್ಮ ಗುಡ್ಡದ ಗಾಳಿಗೂ ನೆನಪಿದೆ

ಇದು ಜ್ಯೂಸ್ ಕಾರ್ಖಾನೆಯ ಮಾತಷ್ಟೇ ಅಲ್ಲ. ನಮ್ಮೂರಿನ ಸುತ್ತ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಗಜೇಂದ್ರಗಡಕ್ಕೆ ಬಂದವರೆಲ್ಲ ನೋಡಿರುತ್ತಾರೆ. ನಮ್ಮ ಕಡೆಯ ಐಟಿಐ, ಡಿಪ್ಲೊಮಾ ಓದಿದವರ ಕಣ್ಣು ಅಲ್ಲಿನ ಕೆಲಸದ ಮೇಲಿರುತ್ತದೆ. ಗಾಳಿಯಂತ್ರದ ವಿದ್ಯುತ್ ಉತ್ಪಾದನೆ, ಗಾಳಿಯ ವೇಗ, ಗೇರ್‌ಬಾಕ್ಸಿನ ಉಷ್ಣತೆ ಮೊದಲಾದವನ್ನು ಹತ್ತು ನಿಮಿಷದ ಸರಾಸರಿಯಾಗಿ ದಾಖಲಿಸುವುದು ಜಗತ್ತಿನಾದ್ಯಂತ ಇರುವ ರೂಢಿ. ಹತ್ತು ನಿಮಿಷದ ಹಿಂದೆ ಬಿರುಸಾಗಿ ಬೀಸುತ್ತಿದ್ದ ಗಾಳಿ ಈಗಲೂ ಬಹುತೇಕ ಹಾಗೆಯೇ ಬೀಸುತ್ತಿರುತ್ತದೆ. ಬಿಸಿಯಾದ ಎಣ್ಣೆ ಕೂಡಲೇ ತಣ್ಣಗಾಗುವುದಿಲ್ಲ. ಇಂಥ ದತ್ತಾಂಶಕ್ಕೆ ಯಾರಾದರೂ ಪಠ್ಯಪುಸ್ತಕದ ಗೆರೆ ಎಳೆದರೆ ಬೇಸಿಗೆಯ ಪ್ರತಿ ಮಧ್ಯಾಹ್ನವೂ ಕೆಂಪು. ಸುಳ್ಳು ಕೂಗಿಗೆ ಗೋಪುರ ಹತ್ತಬೇಕಾದವರು ನಮ್ಮ ಹುಡುಗರೇ. ಹತ್ತು ಸಲ ಸುಳ್ಳೆಂದು ತಿಳಿದ ಮೇಲೆ ಹನ್ನೊಂದನೆಯದನ್ನು ಯಾರೂ ಲೆಕ್ಕಿಸುವುದಿಲ್ಲ. ನಿಜವಾದ ಬೆಂಕಿ ಅದೇ ಆಗಿರಬಹುದು.

ಹಿಂದೆ ಪಾಳಿಗೆ ಎರಡೋ ಮೂರೋ ಸಲ ಕೈಯಲ್ಲಿ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಆಗ ಈ ಸಮಸ್ಯೆ ಕಡಿಮೆ ಇತ್ತು. ಈಗ ಸೆನ್ಸರ್‌ಗಳು ಸೆಕೆಂಡಿಗೊಮ್ಮೆ ಅಳೆಯುತ್ತವೆ. ಅಳತೆ ಹತ್ತಿರವಾದಷ್ಟೂ ನೆನಪು ಗಟ್ಟಿ. ದತ್ತಾಂಶ ಹೆಚ್ಚಾದರೆ ಸತ್ಯ ಹೆಚ್ಚಾಗುತ್ತದೆ ಎಂದು ನಂಬಿದ ಕಾಲದಲ್ಲಿ ಸುಳ್ಳು ಕೂಗುಗಳೂ ಹೆಚ್ಚಾಗುತ್ತಿವೆ. ಗೆರೆ ಎಳೆದು ಕೆಂಪು ಬಣ್ಣ ಹಚ್ಚುವುದನ್ನು ಈಗ ಸಾಫ್ಟ್‌ವೇರ್ ತಾನೇ ಮಾಡುತ್ತದೆ. ಷರತ್ತು ಪಾಲನೆಯಾಗಿದೆಯೇ ಎಂದು ಕೇಳುವ ಕೆಲಸ ಮಾತ್ರ ನಮಗೇ ಉಳಿದಿದೆ.

ಹಾಗಾಗಿ ಮೂರು ಮಾತು ಹೇಳಬೇಕೆನಿಸುತ್ತದೆ. ಪಾಠ ಮಾಡುವವರಿಗೆ: ಹತ್ತು ಅಂಕದ ಲೆಕ್ಕದಲ್ಲಿ ಎರಡು ಅಂಕವನ್ನು ‘ಈ ಅಳತೆಗಳು ಸ್ವತಂತ್ರವೇ? ಪರೀಕ್ಷಿಸಿ’ ಎಂಬುದಕ್ಕೆ ಇಡಿ. ಡಗ್ಲಸ್ ಮಾಂಟ್ಗೊಮೆರಿ ಅವರ ಹೆಸರಾಂತ ಪಠ್ಯಪುಸ್ತಕದಲ್ಲಿ ಇಂಥ ದತ್ತಾಂಶಕ್ಕೇ ಒಂದು ಭಾಗವಿದೆ. ಅದನ್ನು ಸಿಲೆಬಸ್ಸಿನ ಕೊನೆಗೆ ತಳ್ಳಿ ಬಿಟ್ಟುಬಿಡಬೇಡಿ. ಕೆಲಸ ಕೊಡುವವರಿಗೆ: ಸಂದರ್ಶನದಲ್ಲಿ ಸೂತ್ರ ಕೇಳುವುದರ ಜೊತೆಗೆ ಆ ಸೂತ್ರವನ್ನು ಯಾವಾಗ ಬಳಸಬಾರದು ಎಂದೂ ಕೇಳಿ. ಚಾರ್ಟನ್ನು ಕಾರ್ಮಿಕರ ಹಾಜರಿ ಪುಸ್ತಕದಂತೆ ಬಳಸಬೇಡಿ. ಅದು ಪ್ರಕ್ರಿಯೆಯನ್ನು ಪ್ರಶ್ನಿಸಲು ಇರುವ ಸಾಧನ.

ಮೂರನೆಯದು ನನ್ನಂಥ ಹೊಸಬರಿಗೆ. ಡಿಗ್ರಿ ಮುಗಿಸಿ ಕಾರ್ಖಾನೆಗೆ ಹೋದಾಗ ನಮ್ಮ ಕೈಯಲ್ಲಿ ಸೂತ್ರ ಇರುತ್ತದೆ, ಟ್ಯಾಂಕಿನ ಪಕ್ಕ ಇಪ್ಪತ್ತು ವರ್ಷ ನಿಂತವರ ಕೈಯಲ್ಲಿ ಇರುವುದಿಲ್ಲ. ಅದರಿಂದ ನಾವೇ ಬುದ್ಧಿವಂತರು ಎನಿಸುತ್ತದೆ. ವರದಿಗೆ ಸಹಿ ಹಾಕುವ ಮೊದಲು ಒಮ್ಮೆ ಅವರ ಪಕ್ಕ ನಿಂತು, ‘ಇದು ಯಾಕೆ ಹೀಗೆ ಏರುತ್ತದೆ?’ ಎಂದು ಕೇಳಿ. ಉತ್ತರ ಸಂಖ್ಯಾಶಾಸ್ತ್ರದ ಭಾಷೆಯಲ್ಲಿ ಇರಲಿಕ್ಕಿಲ್ಲ. ಅದನ್ನು ಆ ಭಾಷೆಗೆ ತರುವುದಕ್ಕೇ ನಾವು ಓದಿರುವುದು.

ನಾನು ಎರಡನೇ ವರದಿ ಬರೆದೆ. ಮೊದಲನೆಯದು ಏಕೆ ತಪ್ಪು ಎಂದು ಲೆಕ್ಕ ಸಮೇತ ವಿವರಿಸಿದೆ. ಚಾರ್ಟ್ ಬದಲಾಯಿತು, ಕೆಂಪು ಚುಕ್ಕೆಗಳು ಕಡಿಮೆಯಾದವು, ನನಗೆ ಶಹಭಾಸ್ ಸಿಕ್ಕಿತು. ಕಾಕಾ ವಾಪಸ್ ಬರಲಿಲ್ಲ. ಗುತ್ತಿಗೆದಾರರು ಅವರ ಜಾಗಕ್ಕೆ ಆಗಲೇ ಬೇರೊಬ್ಬರನ್ನು ಕಳಿಸಿದ್ದರು. ವಿಳಾಸ ಹುಡುಕಿ ಹೋಗಿ ತಪ್ಪು ನನ್ನದೇ ಎಂದು ಹೇಳಿದೆ. ಅವರು ಚಹಾ ಕೊಟ್ಟು, “ಇರ್ಲಿ ಬಿಡಪಾ, ಮುಂದಿನವ್ರಿಗರ ಹಿಂಗ ಮಾಡಬ್ಯಾಡ” ಎಂದರು.

ಆ ಮಾತಿಗೇ ಇದನ್ನು ಬರೆದಿದ್ದೇನೆ.